ಬಡಿಸುವವಳಿಗೆ ಯಾರು ಬಡಿಸಬೇಕು

ಎರಡು ಬಸಿರು ಕಳಕೊಂಡವಳು ನಾನು. ಮೂರನೆಯದಕ್ಕೆ, ತೊಂಬತ್ತೊಂಬತ್ತನೇ ಇಸವಿಯಲ್ಲಿ, ನುಂಗಂಬಾಕ್ಕಂ ಬಡಾವಣೆಯ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು: “ಹೊತ್ತಿಗೆ ಸರಿಯಾಗಿ ಊಟ ಮಾಡು ಜಯಲಕ್ಷ್ಮೀ, ಇಲ್ಲಾಂದ್ರೆ ಇದೂ ಉಳಿಯಲ್ಲ.”

ಹೇಳೋದು ಸುಲಭ. ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಉಣ್ಣುತ್ತಾ ಕೂತವರು ಸೌಟು ಮುಟ್ಟುವ ಹಾಗಿಲ್ಲ, ಎಂಜಲಾಗುತ್ತದೆ. ಸೊಸೆ ಎಲ್ಲರಿಗೂ ಬಡಿಸಬೇಕು. ಸೊಸೆ ತಾನೇ ಹಾಕಿಕೊಂಡು ಕೂರೋದು ಲಕ್ಷಣವಲ್ಲವಂತೆ. ಮೊದಲು ನನಗೆ ಅತ್ತೆ ಬಡಿಸುತ್ತಿದ್ದರು. ಅವರ ಮಂಡಿ ಹೋದ ಮೇಲೆ ನನಗೆ ಬಡಿಸುವವರು ಯಾರೂ ಇಲ್ಲ. ಎಲ್ಲರದೂ ಮುಗಿದು, ಪಾತ್ರೆ ತೊಳೆಯುವ ಮುಂಚೆ, ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿನ್ನಬೇಕು. ಅದು ಬಡಿಸಿಕೊಂಡದ್ದಲ್ಲವಂತೆ! ಎಂಥ ನ್ಯಾಯವೋ.

ಆ ಬೆಳಿಗ್ಗೆ ನಮ್ಮನೆಯವರಿಗೆ ಕಾಲೇಜಿನಲ್ಲಿ ಗಣ ಸಿದ್ಧಾಂತದ ಪಾಠವಿತ್ತು. ಇವರು ಗಣಿತದ ತಿರುಮಲ ಮೇಷ್ಟ್ರಲ್ಲವೇ, ಅನ್ನ ಕಲಸುತ್ತಲೇ ನನ್ನ ಮುಂದೆ ತಾಲೀಮು.

“ಗಣ ಅಂದ್ರೆ ಒಂದು ನಿಯಮಕ್ಕೆ ಒಪ್ಪೋದನ್ನೆಲ್ಲ ಒಟ್ಟು ಹಾಕೋದು. ಈಗ ತನ್ನೊಳಗೆ ತಾನೇ ಸೇರದ ಗಣಗಳನ್ನೆಲ್ಲ ಒಟ್ಟು ಹಾಕು. ಆ ದೊಡ್ಡ ಗಣ ತನ್ನೊಳಗೆ ಸೇರುತ್ತಾ? ಸೇರಿದ್ರೆ ಸೇರಬಾರದು, ಸೇರದಿದ್ರೆ ಸೇರಬೇಕು!”

“ತಲೆಬುಡ ಗೊತ್ತಾಗ್ಲಿಲ್ಲ ರೀ.” ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡೆ. ಇವರು ತಲೆ ಎತ್ತಿ ನೋಡಿದರೆ ತಾನೇ!

“ನಿನ್ನನ್ನೇ ತಗೋ ಜಯಾ. ತಾವೇ ಬಡಿಸಿಕೊಳ್ಳದವರಿಗೆಲ್ಲ, ಅವರಿಗೆ ಮಾತ್ರ, ನೀನು ಬಡಿಸ್ತೀಯ. ನಿನಗೆ ನೀನೇ ಬಡಿಸಿಕೊಂಡ್ರೆ ಬಡಿಸಿಕೊಳ್ಳಬಾರದು, ಬಡಿಸಿಕೊಳ್ಳದಿದ್ರೆ ಬಡಿಸಿಕೊಳ್ಳಬೇಕು. ಅಂದ್ರೆ ಅಂಥವಳು ಇರೋಕೇ ಸಾಧ್ಯವಿಲ್ಲ!” ಉದಾಹರಣೆ ಸಿಕ್ಕ ಖುಷಿಗೆ ನಕ್ಕೇಬಿಟ್ಟರು. “ಹುಳಿ ಹಾಕು.”

ಹೊಟ್ಟೆಯೊಳಗೆ ಯಾರೋ ಹಿಂಡಿದ ಹಾಗಾಯಿತು. ಕಳೆದೆರಡು ಸಲವೂ ಹೀಗೇ ಶುರುವಾಗಿತ್ತು. ಹೆದರಿ ಸತ್ತೆ.

“ನಾನಿದ್ದೀನಲ್ಲ ರೀ, ಇಲ್ಲೇ ನಿಂತಿದ್ದೀನಿ! ಹಾಗಾದ್ರೆ ಸುಳ್ಳು ಯಾವುದು, ನಾನೋ, ಆ ನಿಯಮವೋ?”

ತುತ್ತು ಕೈಯಲ್ಲೇ ಉಳಿಯಿತು. “ನಿಯಮ,” ಅಂದರು ಮೆಲ್ಲಗೆ. “ಮನಸ್ಸಿಗೆ ಬಂದ ಹಾಗೆ ನಿಯಮ ಹಾಕಿ ಗಣ ಕಟ್ಟೋಕಾಗಲ್ಲ. ಅದೇ ಪಾಠ.”

ತಟ್ಟೆ ತಂದು ಅವರ ಪಕ್ಕ ಕೂತೆ. ನಾನೇ ಅನ್ನ ಹಾಕಿಕೊಂಡೆ. ಒಂದು ತುತ್ತು ತಿಂದು ಅದೇ ಕೈಯಲ್ಲಿ ಹುಳಿಯ ಸೌಟು ಹಿಡಿದೆ.

“ಎಂಜಲು! ಪಾತ್ರೆ ಪೂರ್ತಿ ಚೆಲ್ಲೇ!” ಕುರ್ಚಿಯಿಂದಲೇ ಅತ್ತೆ ಚೀರಿದರು.

“ಚೆಲ್ತೀನಿ,” ಅಂದೆ. ಕಣ್ಣೀರು ಅನ್ನದ ಮೇಲೆ ಬೀಳುತ್ತಿತ್ತು, ಉಣ್ಣೋದು ಮಾತ್ರ ನಿಲ್ಲಿಸಲಿಲ್ಲ. ಎಡಗೈ ಹೊಟ್ಟೆಯ ಮೇಲಿತ್ತು. “ಮೊದಲು ಈ ಕೂಸು ಉಣ್ಣಲಿ.”