ಹಸಿರು ಕಾರಿಗೊಂದು ಸಲಾಮು

"ಇವತ್ತೂ ಆ ಹಸಿರು ಕಾರು ಬಂದಿದೆಯಾ?" ಕೇಳಬಾರದು ಅಂದುಕೊಂಡೇ ಹೊರೇಸ್ ಕೇಳಿಬಿಟ್ಟ.

"ಬರದೆ ಇರುತ್ತಾ? ಈಜುಕೊಳದ ಪಕ್ಕದಲ್ಲೇ ನಿಂತಿದೆ." ಹೋಟೆಲಿನ ಅಡುಗೆಮನೆಯ ಡೋರಾ ಹಿಂಬಾಗಿಲಲ್ಲಿ ಅವನ ಕೈಗೆ ಚಹಾ ಕೊಟ್ಟಳು. "ನಿನ್ನ ಮ್ಯೂರಿಯಲ್ ತಾನೇ ಆ ಕಾರಿನವರ ಮೇಜಿಗೆ ಕೇಕ್ ಒಯ್ದಿದಾಳೆ. ಹೊಟ್ಟೆ ಉರಿಯುತ್ತೇನಪ್ಪಾ?"

"ನನಗ್ಯಾಕೆ ಉರಿಯುತ್ತೆ?"

"ಹಾಗಾದ್ರೆ ಚಹಾ ಯಾಕೆ ಚೆಲ್ತಾ ಇದೀಯ?"

ಉರಿಯುತ್ತಿತ್ತು, ಸುಳ್ಳೇಕೆ? ಬರುವ ವಸಂತದಲ್ಲಿ ಮದುವೆಯೆಂದು ಮ್ಯೂರಿಯಲ್ ಒಪ್ಪಿದ್ದಳು. ಅಷ್ಟರಲ್ಲಿ ಲಂಡನ್ನಿನಿಂದ ಕಾರಿನಲ್ಲಿ ಈಜಲು, ಕುಣಿಯಲು ಬರುವವರಿಗಾಗಿ ಹೆದ್ದಾರಿ ಪಕ್ಕದಲ್ಲಿ ಈ 'ಬ್ಲೂ ಹೆರನ್' ಹೋಟೆಲು ಎದ್ದಿತು. ಅವಳು ಇಲ್ಲಿ ಕೆಲಸಕ್ಕೆ ಸೇರಿದಳು. ಅಂದಿನಿಂದ ಅವಳ ಬಾಯಲ್ಲಿ ಡೆನ್ಹ್ಯಾಮ್ ಹೀಗಂದರು, ಡೆನ್ಹ್ಯಾಮ್ ಹಾಗಂದರು. ಡೆನ್ಹ್ಯಾಮನಿಗೆ ಚೂಪು ಮೀಸೆಯಿತ್ತು, ಆ ಹಸಿರು ಕಾರಿತ್ತು. ಹೊರೇಸನಿಗಿದ್ದದ್ದು ಕಾರು ಮಾಲೀಕರ ಸಂಘದವರು ಕೊಟ್ಟ ಸಮವಸ್ತ್ರ ಮತ್ತು ಸೈಕಲ್ಲು.

ಚಹಾ ಮುಗಿಸಿ ಅವನು ರಸ್ತೆಯ ಮೂಲೆಗೆ ಬಂದು ನಿಂತ. ಸಂಘದ ಬಿಲ್ಲೆಯಿರುವ ಕಾರಿಗೆಲ್ಲ ಸಲಾಮು ಹೊಡೆಯುವುದು ಅವನ ಕೆಲಸ. ಹೊಡೆಯದಿದ್ದರೆ, ಮುಂದೆ ಪೊಲೀಸರು ಹೊಂಚು ಹಾಕಿದ್ದಾರೆ, ನಿಧಾನ ಎಂದರ್ಥ. ಇದು ಸದಸ್ಯರಿಗೆಲ್ಲ ಗೊತ್ತು, ಪೊಲೀಸರಿಗೂ ಗೊತ್ತು. ಸಲಾಮು ಹೊಡೆಯಲಿಲ್ಲವೆಂದು ಯಾರನ್ನು ತಾನೆ ಹಿಡಿದು ಒಳಗೆ ಹಾಕುತ್ತಾರೆ? ಅಂದು ತಿರುವಿನಾಚೆಯ ಬೇಲಿಯ ಹಿಂದೆ ಇಬ್ಬರು ಪೊಲೀಸರು ಕಾರುಗಳ ವೇಗ ಅಳೆಯಲು ಗಡಿಯಾರ ಹಿಡಿದು ಕೂತಿದ್ದರು. ಮಧ್ಯಾಹ್ನದಿಂದ ಹೊರೇಸ್ ಯಾರಿಗೂ ಕೈ ಎತ್ತಿರಲಿಲ್ಲ, ಪಾದ್ರಿಗಳಿಗೂ ಕೂಡ.

ಅಷ್ಟರಲ್ಲಿ ಹಸಿರು ಕಾರು ಬಂತು. ಗಾಜಿನ ಮೇಲೆ ಬಿಸಿಲು ಹೊಳೆದು ಒಳಗಿದ್ದವರು ಕಾಣಲಿಲ್ಲ. ಎರಡು ತಲೆಗಳಿದ್ದದ್ದು ಮಾತ್ರ ತಿಳಿಯಿತು. ಓಹೋ, ಈಗ ತಿರುಗಾಟವೂ ಶುರುವಾಯಿತೋ! ಸಿಕ್ಕಿಬೀಳಲಿ, ಮೀಸೆ ಸಮೇತ ಸಿಕ್ಕಿಬೀಳಲಿ. ಅವನು ಹಿಮ್ಮಡಿ ಜೋಡಿಸಿ, ಹಿಂದೆಂದೂ ಹೊಡೆಯದಷ್ಟು ಠೀವಿಯಿಂದ ಸಲಾಮು ಹೊಡೆದ.

ಕಾರು ಹತ್ತಿರವಾಯಿತು. ಸ್ಟೀರಿಂಗ್ ಹಿಡಿದಿದ್ದವಳು ಮ್ಯೂರಿಯಲ್. ಬಿಳಿ ಏಪ್ರನ್ ಕೂಡ ಬಿಚ್ಚಿರಲಿಲ್ಲ. ಅವಳ ಹತ್ತಿರ ಲೈಸೆನ್ಸಿಲ್ಲವೆಂಬುದು ಹೊರೇಸನಿಗಲ್ಲದೆ ಇನ್ನಾರಿಗೆ ಗೊತ್ತು?

"ಹೊರೇಸ್! ನೋಡೋ ಇಲ್ಲಿ, ನಾನೇ ಓಡಿಸ್ತಿದೀನಿ!"

"ನಿನ್ನ ಹುಡುಗ ಸಲಾಮು ಹೊಡೆದ ಕಣಮ್ಮಾ," ಪಕ್ಕದಲ್ಲಿದ್ದ ಡೆನ್ಹ್ಯಾಮ್ ನಕ್ಕ. "ದಿನಾ ಅವನದೇ ಜಪ ಮಾಡ್ತೀಯಲ್ಲ, ಒಳ್ಳೆಯವನೇ. ಮುಂದೆ ಪೊಲೀಸರಿಲ್ಲವಂತೆ, ಆಕ್ಸಿಲರೇಟರ್ ಒತ್ತು!"

"ನಿಲ್ಸು! ಮ್ಯೂರಿಯಲ್, ನಿಲ್ಸೇ!" ಹೊರೇಸ್ ಟೋಪಿ ಬೀಸುತ್ತ ಹಿಂದೆ ಓಡಿದ.

ಹುರಿದುಂಬಿಸುತ್ತಿದ್ದಾನೆಂದುಕೊಂಡಳೋ ಏನೋ, ಅವಳು ತಿರುಗದೆಯೇ ಒಂದು ಕೈ ಮೇಲೆತ್ತಿ ಆಡಿಸಿದಳು. ಕಾರು ಇನ್ನಷ್ಟು ಜೋರಾಗಿ ತಿರುವು ದಾಟಿತು.