ಬಿರುಗಾಳಿಗೆ ಮೊದಲು ತೊಟ್ಟಿಯ ಪೈಪು ಕಿತ್ತಿಡಿ

ಬಿರುಗಾಳಿ ಬರುತ್ತದೆ ಎಂದರೆ ಕೆರಿಬಿಯನ್ ಸಮುದ್ರದ ನಮ್ಮ ಕ್ಯಾರಿಯಕೂ ದ್ವೀಪದ ಗಂಡಸರಿಗೆ ಮೊದಲು ನೆನಪಾಗುವುದು ದೋಣಿ. ಹೆಂಡತಿ ಆಮೇಲೆ, ಮನೆ ಆಮೇಲೆ, ಕುಡಿಯುವ ನೀರಂತೂ ನೆನಪಿಗೇ ಬರುವುದಿಲ್ಲ. ರೇಡಿಯೋ ಎಚ್ಚರಿಕೆ ಕೊಟ್ಟದ್ದೇ ತಡ, ಹಗ್ಗ ಹೊತ್ತು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡಿನ ಕೊಲ್ಲಿಗೆ ಓಡುತ್ತಾರೆ. ಅಲ್ಲಿ ಮರದ ಬೇರುಗಳಿಗೆ ದೋಣಿಯನ್ನು ಕೂಸಿನ ತೊಟ್ಟಿಲು ಕಟ್ಟಿದ ಹಾಗೆ ಜೋಪಾನವಾಗಿ ಕಟ್ಟುತ್ತಾರೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ಇಯಾಂತಿ. ಊರಿನ ಬಿರುಗಾಳಿ ಸಮಿತಿಯವಳು. ಈ ಜುಲೈ ಮೊದಲ ವಾರ ಎಚ್ಚರಿಕೆ ಬಂದಾಗ ಮನೆಮನೆ ನೋಡುತ್ತಾ ನನ್ನ ತಂಗಿ ವರ್ನಾಳ ಮನೆಗೂ ಹೋದೆ. ಅವಳ ಗಂಡ ಯುರಾಯಸ್ ದೋಣಿ ಮಾಡುವ ಬಡಗಿ. ದೋಣಿಯನ್ನು ಆಗಲೇ ಕೊಲ್ಲಿಯಲ್ಲಿ ಕಟ್ಟಿ ಬಂದಿದ್ದ. ಈಗ ಏಣಿ ಹತ್ತಿ, ಸೂರಿನಿಂದ ಮಳೆನೀರಿನ ತೊಟ್ಟಿಗೆ ಇಳಿಯುವ ಪೈಪಿನ ಬಾಯಿಂದ ಕಸ ಬಾಚುತ್ತಿದ್ದ. ಕಿಟಕಿಗಳಿಗೆ ಒಂದು ಹಲಗೆಯನ್ನೂ ಹೊಡೆದಿರಲಿಲ್ಲ.

"ಏನಪ್ಪಾ ಮಾಡ್ತಿದೀಯ?" ಎಂದೆ.

"ಕಾಣ್ತಿಲ್ವಾ ಅಕ್ಕಾ? ಐದು ತಿಂಗಳಿಂದ ನೆಟ್ಟಗೆ ಮಳೆ ಇಲ್ಲ. ತೊಟ್ಟೀಲಿ ಮೊಣಕಾಲುದ್ದ ನೀರಿದೆ ಅಷ್ಟೆ. ನಾಳೆ ಒಂದೇ ಏಟಿಗೆ ತುಂಬಿ ತುಳುಕುತ್ತೆ. ದೇವ್ರು ಕೊಡ್ತೀನಿ ಅಂದಾಗ ಬೇಡ ಅನ್ನಕ್ಕಾಗುತ್ತಾ?"

"ಬರೋದು ಬರೀ ಮಳೆ ಅಲ್ಲ ಕಣೋ. ಆ ಗಾಳಿ ಸಮುದ್ರಾನೇ ಎತ್ಕೊಂಡ್ ಬಂದು ನಿನ್ನ ತಗಡಿನ ಮೇಲೆ ಸುರಿಯುತ್ತೆ. ಉಪ್ಪು, ಕೊಳೆತ ಎಲೆ, ಇಲಿ ಹಿಕ್ಕೆ, ಸತ್ತ ಹಕ್ಕಿ, ಎಲ್ಲಾ ಈ ಪೈಪಲ್ಲೇ ಇಳಿಯೋದು. ಇರೋ ಮೊಣಕಾಲುದ್ದ ಒಳ್ಳೇ ನೀರೂ ಕೆಡುತ್ತೆ. ಪೈಪು ಕೀಳು. ತೊಟ್ಟಿ ಬಾಯಿ ಬಿಗಿಯಾಗಿ ಮುಚ್ಚು."

"ನಮ್ಮಜ್ಜ ಕಿತ್ತಿದ್ನಾ? ನಿಮ್ ಸಮಿತಿಯವ್ರಿಗೆ ಬೇರೆ ಕೆಲ್ಸ ಇಲ್ಲ. ಮೀಟಿಂಗ್ ಮಾಡಿ ಬಿಸ್ಕತ್ತು ತಿನ್ನೋದು, ಆಮೇಲೆ ಊರೋರ್ಗೆ ಬುದ್ಧಿ ಹೇಳೋದು!"

ವರ್ನಾ ಬಾಗಿಲಲ್ಲಿ ಬಂದು ನಿಂತಳು. ಹೆಗಲ ಮೇಲೆ ಮೂರು ತಿಂಗಳ ಕೂಸು ಡೆಲ್ಮಾ ನಿದ್ದೆ ಮಾಡುತ್ತಿತ್ತು.

"ಇವಳ ಬಾಟ್ಲಿಗೆ ಹಾಲಿನ ಪುಡಿ ಕಲಸೋದು ಯಾವ ನೀರಲ್ಲಿ?" ಎಂದು ಕೇಳಿದೆ.

"ತೊಟ್ಟೀದೇ. ಕುದಿಸ್ತೀವಲ್ಲ ಅಕ್ಕಾ," ಎಂದಳು ವರ್ನಾ.

"ಕುದಿಸಿದ್ರೆ ಉಪ್ಪು ಹೋಗುತ್ತೇನೇ?"

ಅವಳು ಗಂಡನ ಮುಖ ನೋಡಿದಳು. ಅವನು ಏಣಿಯ ಮೇಲಿಂದಲೇ ನಕ್ಕ. "ಇಷ್ಟೆಲ್ಲಾ ಮಾತಾಡ್ತೀಯಲ್ಲ, ಆ ದೊಡ್ಡ ಗಾಳಿ ಬಂದಾಗ ನಿನ್ನ ಮನೇಲಿ ಪೈಪು ಕಿತ್ತಿದ್ಯಾ?"

ಆ ದೊಡ್ಡ ಗಾಳಿ ಬೀಸಿ ಆರು ವರ್ಷವಾಗಿತ್ತು; ಅಲ್ಲಿಂದ ಯಾರಿಗೂ ಹೇಳದಿದ್ದ ಮಾತು ಅವತ್ತು ಹೊರಗೆ ಬಂತು.

"ಇಲ್ಲ ಕಣೋ. ಕಿತ್ತಿರಲಿಲ್ಲ. ನನ್ನ ಗಂಡ ಗರಗಸ ಹಿಡ್ಕೊಂಡು ಬಂದಿದ್ದ. ನಾನೇ ಏಣಿಗೆ ಅಡ್ಡ ನಿಂತೆ. ಅವತ್ತೂ ತೊಟ್ಟಿ ಬತ್ತಿತ್ತು, ನನಗೂ ನಿನ್ನ ಹಾಗೇ ಆಸೆ. ತುಂಬಿತು, ಉಪ್ಪು ನೀರು ತುಂಬಿತು. ಒಂಬತ್ತು ದಿನ ಯಾವ ದೋಣಿಯೂ ಬರಲಿಲ್ಲ, ಬೇರೆ ನೀರಿಲ್ಲ. ನನ್ನ ಮೇವಿಸ್ 'ಉಪ್ಪಮ್ಮಾ, ಉಪ್ಪು' ಅಂತ ಅತ್ತಳು. ಸಕ್ಕರೆ ಹಾಕಿ ಕುಡಿಸಿದೆ. ಈ ಕೈಯಲ್ಲೇ ಕುಡಿಸಿದೆ. ಭೇದಿ ನಿಲ್ಲಲಿಲ್ಲ. ಊರಿಗೆಲ್ಲ ಜ್ವರ ಅಂತ ಹೇಳಿದೆ. ಜ್ವರ ಅಲ್ಲ. ಆ ನೀರು."

ನನ್ನ ಮಗಳು ಮೇವಿಸ್‌ಗೆ ಆಗ ಮೂರು ವರ್ಷ. ಅವಳ ಶವದ ಪೆಟ್ಟಿಗೆ ಮಾಡಿದವನು ಇದೇ ಯುರಾಯಸ್, ದೋಣಿಗೆಂದು ಇಟ್ಟಿದ್ದ ಹಲಗೆಯಲ್ಲಿ. ಅವನು ಕೈಯಲ್ಲಿದ್ದ ಕಸವನ್ನು ಕೆಳಗೆ ಹಾಕಿದ. ಆಮೇಲೆ, "ವರ್ನಾ, ಗರಗಸ ಕೊಡು," ಎಂದ.

ಪೈಪು ಕಿತ್ತೆವು. ತೊಟ್ಟಿಯ ಬಾಯಿಗೆ ಹಲಗೆ ಹೊಡೆದು, ಮೇಲೆ ಟಾರ್ಪಾಲು ಬಿಗಿದೆವು. ಮುಚ್ಚುವ ಮೊದಲೇ ತೊಟ್ಟಿಯ ಒಳ್ಳೆಯ ನೀರಿನಲ್ಲಿ ಒಂದಷ್ಟನ್ನು ಮುಚ್ಚಳವಿರುವ ಕ್ಯಾನುಗಳಿಗೆ ತುಂಬಿ ಮಂಚದ ಕೆಳಗೆ ತಳ್ಳಿದ್ದೆವು. ಕಿಟಕಿಗಳಿಗೆ ಹಲಗೆ ಬಿತ್ತು.

ಮಾರನೆಯ ದಿನ ಬಿರುಗಾಳಿ ಉತ್ತರಕ್ಕೆ ತಿರುಗಿಕೊಂಡು ಹೋಯಿತು. ನಮಗೆ ಬಂದದ್ದು ಬರೀ ಮಳೆ. ಸುರಿದ ನೀರೆಲ್ಲ ಅಂಗಳದಲ್ಲಿ ಹರಿದು ಸಮುದ್ರ ಸೇರಿತು. ಯುರಾಯಸ್ ನಮ್ಮ ಬೇಲಿಯ ಹತ್ತಿರ ಬಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. "ನೋಡಿದ್ಯಾ? ಅಷ್ಟೂ ನೀರು ಹಾಳಾಯ್ತು! ನಿನ್ನ ಮಾತು ಕೇಳಿ ಕೆಟ್ಟೆ!"

ನಾನು ಒಲೆಯ ಮುಂದೆ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದೆ. ಕೋಲು ಹಿಡಿದೇ ಹೊರಗೆ ಬಂದೆ. "ಬೈಯಪ್ಪಾ, ಚೆನ್ನಾಗಿ ಬೈಯಿ. ಡೆಲ್ಮಾ ಹಾಲು ಕುಡಿದ್ಲಾ?"

"ಕುಡಿದ್ಲು," ಎಂದ. ಬೇಲಿ ಬಿಟ್ಟು ಮನೆಯ ಕಡೆ ನಡೆದ.

ಆಗಸ್ಟಿನಲ್ಲಿ ಎರಡನೆಯ ಎಚ್ಚರಿಕೆ ಬಂತು. ಈ ಸಲ ಏನು ಜಗಳ ಕಾದಿದೆಯೋ ಎಂದು ಟೊಂಕ ಕಟ್ಟಿ ಹೊರಟೆ. ಹೋಗಿ ನೋಡಿದರೆ ಪೈಪು ಇರಲಿಲ್ಲ. ತೊಟ್ಟಿಗೆ ಟಾರ್ಪಾಲು ಬಿಗಿದಿತ್ತು. ಯುರಾಯಸ್ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೊನೆಯ ಕಿಟಕಿಗೆ ಹಲಗೆ ಹೊಡೆಯುತ್ತಿದ್ದ. ಅವನ ದೋಣಿ ಇನ್ನೂ ದಡದ ಮರಳಿನಲ್ಲೇ ಇತ್ತು.

"ದೋಣಿ ಕಟ್ಟಲಿಲ್ವೇನೋ?"

"ಇದು ಮುಗಿಸಿ ಹೋಗ್ತೀನಿ ಅಕ್ಕಾ," ಎಂದ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಸರದಿ. ರೇಡಿಯೋ ಕೂಗಿದ ಮೇಲೆ ಗರಗಸ ಹುಡುಕುವುದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಜೂನ್ ಹುಟ್ಟಿ ಬಿರುಗಾಳಿಯ ಕಾಲ ಶುರುವಾಗುವ ಮೊದಲೇ ಪೈಪು ಸಲೀಸಾಗಿ ಬಿಚ್ಚುವ ಹಾಗೆ ಮಾಡಿಸಿ, ಮುಚ್ಚಳದ ಕ್ಯಾನು ತಂದಿಡಿ. ಎಚ್ಚರಿಕೆ ಬಂದ ತಕ್ಷಣ ಪೈಪು ಬಿಚ್ಚಿ, ಕ್ಯಾನುಗಳಿಗೆ ನೀರು ತುಂಬಿ, ತೊಟ್ಟಿ ಮುಚ್ಚಿಡಿ. ಗಾಳಿ ಹೋದ ಮೇಲೆ ಸೂರು ಚೆನ್ನಾಗಿ ತೊಳೆಯುವವರೆಗೂ ಪೈಪು ಜೋಡಿಸಬೇಡಿ. ಗಾಳಿ ಬೇರೆ ಕಡೆ ತಿರುಗಿ ಮಳೆ ನೀರು ದಂಡವಾದರೆ ನಮ್ಮ ಬೇಲಿಯ ಹತ್ತಿರ ಬಂದು ನನ್ನನ್ನು ಬಾಯಿ ತುಂಬ ಬೈಯಿರಿ. ಬರುವಾಗ ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ. ನಾನು ಅವರನ್ನು ನೋಡಬೇಕು.