ಬೋಣಿಗೆ ಹೋದ ಮಾಲು

ಬೆಳಿಗ್ಗೆ ಒಂಬತ್ತೂವರೆಗೆ ಬಳ್ಳಾರಿಯ ಜೀನ್ಸ್ ಗೋದಾಮೊಂದರಿಂದ ಆರು ಪ್ಯಾಂಟುಗಳು ಸ್ಕ್ಯಾನ್ ಆಗದೆ ಹೊರಗೆ ಹೋದವು.

ಅಲ್ಲಿನ ಒಂದೇ ದಾಸ್ತಾನನ್ನು ಕೌಂಟರ್, ಫೋನ್, ಆ್ಯಪ್ ಮೂರರಲ್ಲೂ ಮಾರುತ್ತಿದ್ದರು. ಆ ಆರನ್ನು ಕಂಪ್ಯೂಟರ್ ಹಿಂದಿನ ಸಂಜೆಯೇ ಆ್ಯಪಿನ ಗಿರಾಕಿಗಳಿಗೆ ಮೀಸಲಿಟ್ಟಿತ್ತು. ಆದರೆ ದಿನದ ಮೊದಲ ಗಿರಾಕಿಯಾಗಿ ಬಂದ ಕುರುಗೋಡಿನ ಅಂಗಡಿಕಾರ ಚಿದಾನಂದಪ್ಪ ಅವನ್ನೇ ಕೇಳಿದರು.

“ಅಣ್ಣಾರ, ಅವು ಆ್ಯಪಿನ ಆರ್ಡರಿನವು ಅದಾವ್ರಿ. ಇನ್ನೊಮ್ಮೆ ರದ್ದಾದ್ರ ನಮ್ಮ ಖಾತೆ ಬಂದ್ ಮಾಡ್ತೀವಂತ ಆ್ಯಪಿನವ್ರು ಅಂದಾರ. ನನ್ನ ಕೆಲಸಾನೂ ಹೋಗತೈತ್ರಿ,” ಎಂದು ಆ್ಯಪ್ ಆರ್ಡರುಗಳನ್ನು ಪ್ಯಾಕ್ ಮಾಡುವ ಪಂಪಾವತಿ ಮಾಲೀಕ ರಾಘಣ್ಣನವರಿಗೆ ಹೇಳಿದಳು.

ಚಿದಾನಂದಪ್ಪ ನಕ್ಕರು. “ಯವ್ವಾ, ಎದುರಿಗೆ ನಿಂತಾವ ದೊಡ್ಡಾವನೋ, ಫೋನಿನ್ಯಾಗ ಕುಂತಾವ ದೊಡ್ಡಾವನೋ?”

“ಬೋಣಿ ಗಿರಾಕಿಗೆ ಇಲ್ಲ ಅನಬಾರದಮ್ಮಾ. ಕಟ್ಟಿಕೊಡು. ಮಧ್ಯಾಹ್ನ ಹೊಸ ಮಾಲು ಬರತೈತಿ,” ಎಂದರು ರಾಘಣ್ಣ.

ಮೀಸಲಿಟ್ಟ ಮಾಲಿಗೆ ಕೌಂಟರಿನ ಬಿಲ್ ಆಗುತ್ತಿರಲಿಲ್ಲ. ಪಂಪಾವತಿ ಸ್ಕ್ಯಾನ್ ಮಾಡದೆಯೇ ಕಟ್ಟಿಕೊಟ್ಟಳು.

ಹೊಲಿಗೆ ಘಟಕದಲ್ಲಿ ಕರೆಂಟ್ ಹೋಗಿ ಹೊಸ ಮಾಲು ಬರಲಿಲ್ಲ. ಕೊರಿಯರ್ ವ್ಯಾನ್ ಖಾಲಿ ಹೋಯಿತು, ಆರ್ಡರುಗಳು ರದ್ದಾದವು, ಸಂಜೆ ಆ್ಯಪಿನವರು ಗೋದಾಮಿನ ಖಾತೆ ಮುಚ್ಚಿದರು. ಕಂಪ್ಯೂಟರಿನಲ್ಲಿ ಆರು ಪ್ಯಾಂಟುಗಳು ಇನ್ನೂ ಪಂಪಾವತಿಯ ಕಪಾಟಿನಲ್ಲೇ ಇದ್ದವು. ಇನ್ನು ಪ್ಯಾಕ್ ಮಾಡಲು ಏನೂ ಇಲ್ಲವೆಂದು ರಾಘಣ್ಣ ಅವಳನ್ನು ಕೆಲಸದಿಂದ ಬಿಡಿಸಿದರು.